ತಾಲೀಮಿನ ಗುಟ್ಟು

ಗುಟ್ಟು ಎಂಬುದು ವಿಚಿತ್ರವಾದ ಪದಾರ್ಥ. ಇಟ್ಟುಕೊಂಡವನಿಗೆ ಭಾರ, ಇಲ್ಲದವನಿಗೆ ಆಸೆ. ಆರು ಕಿವಿಗೆ ಬಿದ್ದ ಮಾತು ನಿಲ್ಲದೆಂದು ಹಿರಿಯರು ಹೇಳುತ್ತಾರೆ. ಆದರೂ ಆರು ಕಿವಿಗೆ ಹೇಳದೆ ಮುಗಿಯದ ಕೆಲಸಗಳು ಲೋಕದಲ್ಲಿ ಉಂಟು. ಹೊಸ ಆಟವೊಂದನ್ನು ಕಟ್ಟುವುದು ಅಂಥ ಕೆಲಸ. ಕಟ್ಟಿದವನೊಬ್ಬನೇ ಆಡಿದರೆ ಅದರ ದೋಷ ಕಾಣದು. ಹತ್ತು ಜನ ಆಡಬೇಕು. ಹತ್ತು ಜನ ಆಡಿದರೆ ಗುಟ್ಟು ಉಳಿಯದು. ಈ ಇಕ್ಕಟ್ಟಿನ ವಿಷಯವಾಗಿ ನಾಲ್ಕು ಮಾತು ಬರೆಯಲು ಕುಳಿತಿದ್ದೇನೆ.

ಆಟವೆಂದರೆ ಇಲ್ಲಿ ಕಬಡ್ಡಿಯಲ್ಲ, ಕ್ರಿಕೆಟ್ಟಲ್ಲ. ಮೇಜಿನ ಸುತ್ತ ಕುಳಿತು ಆಡುವ ಪಾತ್ರದಾಟ. ನಮ್ಮ ಕಡೆಯ ದೊಡ್ಡಾಟವನ್ನು ನೋಡಿದವರಿಗೆ ಅದನ್ನು ತಿಳಿಸುವುದು ಸುಲಭ. ಭಾಗವತನಂತೆ ಒಬ್ಬನು ಕಥೆ ನಡೆಸುತ್ತಾನೆ; ಉಳಿದವರು ಒಂದೊಂದು ಪಾತ್ರ ಹಿಡಿದು ಮಾತಾಡುತ್ತಾರೆ. ವೇಷವಿಲ್ಲ, ಗೆಜ್ಜೆಯಿಲ್ಲ, ಮೊದಲೇ ಬರೆದಿಟ್ಟ ಮಾತೂ ಇಲ್ಲ. ಕತ್ತಿಯೇಟು ತಾಗಿತೋ ತಪ್ಪಿತೋ ಎಂಬುದನ್ನು ದಾಳ ಹೇಳುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕನ್ನರಿಬ್ಬರು 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಕುಲದ ಹಿರಿಯಜ್ಜ. ಅದರ ನಿಯಮಗಳನ್ನು ತಿದ್ದಿ ಮತ್ತೆ ಮತ್ತೆ ಹೊಸ ಆವೃತ್ತಿ ಹೊರಡಿಸುತ್ತಾರೆ. ಹೊರಡಿಸುವ ಮುನ್ನ ಕೆಲವರ ಕೈಗೆ ಕರಡು ಕೊಟ್ಟು ಆಡಿಸಿ ನೋಡುತ್ತಾರೆ.

ಈ ಜಾತಿಯ ಆಟ ನಮ್ಮ ಹಾಸ್ಟೆಲಿಗೂ ಬಂದಿತು. ನಮ್ಮಲ್ಲೇ ಓದಿ ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅಣ್ಣನೊಬ್ಬ, ಗೆಳೆಯರೊಡನೆ ಸೇರಿ ಪಾಳೆಯಗಾರರ ಕಾಲದ ಕಥೆಯಿಟ್ಟುಕೊಂಡು ಕನ್ನಡದಲ್ಲೊಂದು ಪಾತ್ರದಾಟ ಕಟ್ಟಿದ್ದ. ಅದರ ಎರಡನೆಯ ಆವೃತ್ತಿಯ ಕರಡನ್ನು ಆಡಿ ನೋಡಿ ಹುಳುಕು ಹೇಳಿರೆಂದು ನಮ್ಮ ಐವರಿಗೆ ಕಳುಹಿಸಿದ. ಜೊತೆಗೆ ಎರಡು ಪುಟದ ಕರಾರು: ಪುಸ್ತಕ ಅಚ್ಚಾಗುವವರೆಗೆ ಒಂದು ಸಾಲನ್ನೂ ಹೊರಗೆ ಹೇಳಕೂಡದು, ನಾವು ಸೂಚಿಸಿದ ತಿದ್ದುಪಡಿಗಳೆಲ್ಲ ಆಟ ಕಟ್ಟಿದವರಿಗೇ ಸೇರತಕ್ಕವು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಪ್ಪ ಶೇಂಗಾ ಬೆಳೆಯುವ ರೈತ. ಬೇರೆಯವರು ಓದಿ ಹೇಳಿದ್ದನ್ನೇ ನಂಬಿ ಹೆಬ್ಬೆಟ್ಟೊತ್ತಿದ ಕಾಗದಗಳು ನಮ್ಮ ಟ್ರಂಕಿನಲ್ಲಿ ಇನ್ನೂ ಇವೆ. ಅವುಗಳಲ್ಲಿ ಒಂದರಿಂದ ಎರಡೆಕರೆ ಹೊಲ ಕೈಬಿಟ್ಟದ್ದೂ ಉಂಟು. ಆದಕಾರಣ ರುಜು ಎಂಬುದು ನಮ್ಮಲ್ಲಿ ಸಣ್ಣ ಮಾತಲ್ಲ. ರಜೆಗೆ ಸಿದ್ದಾಪುರಕ್ಕೆ ಹೋದಾಗ ಕರಾರನ್ನು ಅಪ್ಪನ ಮುಂದೆ ಸಾಲುಸಾಲಾಗಿ ಓದಿ ಅರ್ಥ ಹೇಳಿದೆ. ಅಪ್ಪ ಬೀಡಿ ಆರಿಸಿ, “ಗುಟ್ಟು ಇಟ್ಕಳಾದು ಸರಿ ಬಿಡಪ್ಪ. ಎಲ್ಲೀವರ್ಗೆ ಅಂತಾನೂ ಬರ್ದೈತೆ. ಆದ್ರೆ ನೀವು ಹೇಳ್ಕೊಟ್ಟ ಬುದ್ಧಿ ಯಾರ್ದು ಅಂತ ಗೊತ್ತಾಗಾದು ಹೆಂಗೆ?” ಎಂದ. ನಾನು ಅಣ್ಣನಿಗೆ ಅದನ್ನೇ ಬರೆದೆ. ಐವರ ಹೆಸರನ್ನೂ ಪುಸ್ತಕದಲ್ಲಿ ಅಚ್ಚು ಹಾಕುವೆನೆಂದು ಕರಾರಿಗೆ ಒಂದು ಸಾಲು ಸೇರಿಸಿ ಕಳುಹಿಸಿದ. ಆಮೇಲೆ ರುಜು ಹಾಕಿದೆ.

ಮೂರನೆಯ ವಾರ ಗುಟ್ಟು ರಟ್ಟಾಯಿತು. ಕೋಟೆಗೆ ಮುತ್ತಿಗೆ ಹಾಕುವ ನಿಯಮದಲ್ಲಿ ಒಂದು ಹುಳುಕಿತ್ತು. ಎರಡು ಸಲ ದಾಳ ಉರುಳಿದರೆ ಸಾಕು, ಏಳು ಸುತ್ತಿನ ಕೋಟೆಯೂ ಬಿದ್ದುಹೋಗುತ್ತಿತ್ತು. ನಾವು ನಕ್ಕು, ಗುರುತು ಹಾಕಿ ಕಳುಹಿಸಿದೆವು. ನಮ್ಮೊಳಗೊಬ್ಬನು ಅದೇ ಪುಟದ ಚಿತ್ರ ತೆಗೆದು ಗೆಳೆಯನಿಗೆ ಕಳಿಸಿದ. ಬೆಳಗಾಗುವುದರೊಳಗೆ ಅದು ಬೇರೆ ಕಾಲೇಜುಗಳ ಹುಡುಗರ ಫೋನುಗಳಲ್ಲೆಲ್ಲ ಸುತ್ತಿ, “ಇದೇನು ಕೋಟೆಯೋ, ಹಪ್ಪಳವೋ” ಎಂಬ ಗೇಲಿಯೊಡನೆ ತಿರುಗಿ ನಮಗೇ ಬಂದಿತು. ಅಷ್ಟರಲ್ಲಿ ಅಣ್ಣ ಆ ನಿಯಮವನ್ನು ತಿದ್ದಿಯೂ ಆಗಿತ್ತು! ಅವನು ಫೋನಿನಲ್ಲಿ ಬೈಯಲಿಲ್ಲ. “ಬೆಂದ ಮೇಲೆ ಬಡಿಸ್ತಿದ್ದೆನಲ್ರೋ” ಎಂದಷ್ಟೇ ಹೇಳಿದ. ಒಂದು ತಿಂಗಳು ನಮಗೆ ಕರಡು ಬರಲಿಲ್ಲ. ಅದಕ್ಕಿಂತ ಕಷ್ಟವಾದದ್ದು, ಒಂದೇ ಕೋಣೆಯಲ್ಲಿ ಮಲಗುವ ಐವರು ಒಬ್ಬರ ಮುಖವನ್ನೊಬ್ಬರು ಸಂಶಯದಿಂದ ನೋಡಿದ್ದು.

ಕೊನೆಗೆ ಗೆಳೆಯನು ತಾನಾಗಿಯೇ ಒಪ್ಪಿಕೊಂಡ. ಆದರೆ ವಾದ ಬಿಡಲಿಲ್ಲ. “ಗುಟ್ಟೆಲ್ಲ ದೊಡ್ಡವರ ಪರ. ಬಯಲಾದರೇ ಬಡವರಿಗೆ ಒಳ್ಳೆಯದು” ಎಂಬುದು ಅವನ ಸಿದ್ಧಾಂತ. ಹೆಬ್ಬೆಟ್ಟಿನ ಮನೆಯಿಂದ ಬಂದ ನಾನು ಆ ಮಾತನ್ನು ಸುಲಭವಾಗಿ ತಳ್ಳಿಹಾಕಲಾರೆ. ಹಿರಿಯಜ್ಜನ ಚರಿತ್ರೆಯನ್ನು ತೆರೆದು ನೋಡಿದೆ. ಅಲ್ಲಿ ಎರಡು ಬಗೆಯ ಸೋರಿಕೆಗಳು ಕಂಡವು.

ಡಂಜನ್ಸ್ ಅಂಡ್ ಡ್ರ್ಯಾಗನ್ಸಿನ ನಾಲ್ಕನೆಯ ಆವೃತ್ತಿಯನ್ನು ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯು 2007ರ ಆಗಸ್ಟಿನಲ್ಲಿ ಸಾರಿತು. ಆಡಿ ನೋಡಿದವರೆಲ್ಲ ಬಾಯಿ ಬಿಡೆವೆಂಬ ಕರಾರಿನಲ್ಲಿದ್ದರು. ಆದರೂ 2008ರ ಜೂನಿನಲ್ಲಿ ಪುಸ್ತಕ ಅಂಗಡಿಗೆ ಬರುವ ಮೊದಲೇ ಅದರ ಕಳ್ಳಪ್ರತಿ ಅಂತರ್ಜಾಲದಲ್ಲಿತ್ತು. ಅದೇ ವರ್ಷ ಪೈಝೋ ಎಂಬ ಇನ್ನೊಂದು ಕಂಪನಿ ತನ್ನ ‘ಪಾತ್‌ಫೈಂಡರ್’ ಆಟದ ಕರಡನ್ನು ತಾನೇ ಎಲ್ಲರಿಗೂ ಹಂಚಿ, ಆಡಿದವರ ಮಾತು ಕೇಳಿ, 2009ರಲ್ಲಿ ಪುಸ್ತಕ ಮಾಡಿತು. ವಿಝರ್ಡ್ಸಿನವರೂ ಪಾಠ ಕಲಿತರೆಂದು ತೋರುತ್ತದೆ. 2012ರ ಮೇ ತಿಂಗಳಿನಿಂದ ಮುಂದಿನ ಆವೃತ್ತಿಯ ಕರಡನ್ನು ಕೇಳಿದವರಿಗೆಲ್ಲ ಕೊಟ್ಟರು; ಪುಸ್ತಕ 2014ರಲ್ಲಿ ಬಂದಿತು. 2022ರ ಆಗಸ್ಟಿನಿಂದ ಮತ್ತೊಂದು ಪರಿಷ್ಕರಣೆಯನ್ನೂ ಹಾಗೆಯೇ ಬಯಲಲ್ಲಿ ನಡೆಸಿದರು.

ಆದರೆ ನೋಡಿ, ನಿಯಮಗಳೆಲ್ಲ ಬಯಲಲ್ಲಿದ್ದ ಆ ಕಾಲದಲ್ಲೇ ಬೇರೊಂದು ಕಾಗದ ಒಳಗಿತ್ತು. ಆಟದ ನಿಯಮ ಬಳಸಿ ಸ್ವಂತ ಪುಸ್ತಕ ಮಾಡಿಕೊಳ್ಳಲು 2000ದಲ್ಲಿ ಕಂಪನಿ ಎಲ್ಲರಿಗೂ ಪರವಾನಗಿ ಕೊಟ್ಟಿತ್ತು. ಪಾತ್‌ಫೈಂಡರ್ ಹುಟ್ಟಿದ್ದೂ ಅದರ ನೆರಳಿನಲ್ಲೇ. ಅದನ್ನು ರದ್ದುಮಾಡಿ, ವರ್ಷಕ್ಕೆ ಏಳೂವರೆ ಲಕ್ಷ ಡಾಲರಿಗಿಂತ ಹೆಚ್ಚು ವ್ಯಾಪಾರ ಮಾಡುವವರು ಹೆಚ್ಚಿನ ಹಣದ ಮೇಲೆ ನೂರಕ್ಕೆ 25ರವರೆಗೆ ಪಾಲು ಕೊಡಬೇಕೆಂಬ ಹೊಸ ಪರವಾನಗಿಯ ಕರಡು 2023ರ ಜನವರಿ ಮೊದಲ ವಾರದಲ್ಲಿ ಪತ್ರಿಕೆಯವರ ಕೈಗೆ ಸಿಕ್ಕಿತು. ಆಟಗಾರರು ಎದ್ದು ನಿಂತರು. ಜನವರಿ 27ರಂದು ಕಂಪನಿ ಹಿಂದೆ ಸರಿಯಿತು. ಹಳೆಯ ಪರವಾನಗಿ ಉಳಿಯಿತು, ಮೂಲ ನಿಯಮಗಳನ್ನು ಎಲ್ಲರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೂ ಬಿಟ್ಟುಕೊಟ್ಟರು.

ಈ ಎರಡನೆಯ ಸೋರಿಕೆಯಿಂದ ಸಣ್ಣಪುಟ್ಟ ಪ್ರಕಾಶಕರ ಅನ್ನ ಉಳಿಯಿತು. ನನ್ನ ಗೆಳೆಯನ ಸಿದ್ಧಾಂತ ಇಲ್ಲಿ ಸರಿ. ಆದರೆ ಅವನು ಬಯಲು ಮಾಡಿದ್ದು ಇಂಥ ಕಾಗದವನ್ನಲ್ಲ. ಹೆಂಚಿನ ಮೇಲಿದ್ದ ಅರೆಬೆಂದ ರೊಟ್ಟಿಯನ್ನು. ದೊಡ್ಡಾಟದಲ್ಲಿ ಕಥೆ ಯಾರಿಗೆ ಗೊತ್ತಿಲ್ಲ? ಕೊನೆಗೆ ಯಾರು ಗೆಲ್ಲುವರೆಂದು ಮಗುವೂ ಹೇಳೀತು. ಆದರೂ ತಾಲೀಮಿನಲ್ಲಿ ತಡವರಿಸುವ ಭೀಮನನ್ನು ಊರಿನ ಮುಂದೆ ಎಳೆದು ತಂದರೆ, ಆಟದ ರಾತ್ರಿ ಅವನಿಗೆ ಗದೆ ಎತ್ತುವ ಧೈರ್ಯ ಬಾರದು. ಕಲಿಯುವವನಿಗೆ ತಪ್ಪುವ ಹಕ್ಕುಂಟು. ಆ ಹಕ್ಕಿಗೊಂದು ಮರೆ ಬೇಕು.

ನಮ್ಮ ಸಿದ್ದಾಪುರದ ಬಂಡೆಯ ಮೇಲೆ ಅಶೋಕನ ಶಾಸನವುಂಟು, 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಆ ಆಜ್ಞೆಯ ಕರಡನ್ನು ಎಷ್ಟು ಸಲ ತಿದ್ದಿದರೋ, ಯಾವ ಮಾತು ಹೊಡೆದು ಯಾವ ಮಾತು ಸೇರಿಸಿದರೋ! ಬರೆದ ಚಪಡನಿಗೆ ಒಂದಷ್ಟು ತಿಳಿದಿದ್ದೀತು. ಆದರೆ ಅವನು ತನ್ನ ಹೆಸರನ್ನು ಬಿಟ್ಟು ಮತ್ತೇನನ್ನೂ ಹೇಳಿಹೋಗಲಿಲ್ಲ. ಅಡ್ಡಿಯಿಲ್ಲ. ಜನರನ್ನು ಕಟ್ಟಿಹಾಕುವ ಕೊನೆಯ ಮಾತು ಮಾತ್ರ ಬಿಸಿಲಿನಲ್ಲಿ, ಬಯಲು ಬಂಡೆಯ ಮೇಲೆ ಇದೆ.

ಗೆಳೆಯರೆ, ಪದವಿ ಮುಗಿಸಿ ಹೊರಡುವ ನಮ್ಮ ಮುಂದೆ ರುಜು ಬೇಡುವ ಕಾಗದಗಳು ಸಾಲಾಗಿ ಕಾದಿವೆ. ಆಟದ ಕಾಗದ ಅವುಗಳಲ್ಲಿ ಅತಿ ಚಿಕ್ಕದು. ಬಾಯಿ ಮುಚ್ಚಿಕೊಳ್ಳೆಂದು ಯಾರಾದರೂ ಹೇಳಿದಾಗ ಎರಡು ಪ್ರಶ್ನೆ ಕೇಳೋಣ: ಈ ಗುಟ್ಟು ಎಲ್ಲಿಯವರೆಗೆ? ಇದರಿಂದ ಕಟ್ಟುಬೀಳುವವರು ಯಾರು? ಬೇಯುವವರೆಗಿನ ಗುಟ್ಟಾದರೆ ಪ್ರಾಣಕ್ಕೆ ಸಮನಾಗಿ ಕಾಯೋಣ. ನಮ್ಮನ್ನೋ ನೆರೆಯವರನ್ನೋ ತಿಳಿಯದಂತೆ ಕಟ್ಟಿಹಾಕುವ ಗುಟ್ಟಾದರೆ, ರುಜು ಹಾಕುವ ಮೊದಲೇ ಗಟ್ಟಿಯಾಗಿ ಓದೋಣ, ಪಕ್ಕದವನಿಗೂ ಕೇಳುವಂತೆ.