ಮೈ, ಅಂಚು, ಹೊಳಪು

2 ಆಗಸ್ಟ್ 2025, ಶನಿವಾರ. ರಾತ್ರಿ

ಬೆಳ್ಳಿ ಕಿಲೋಗೆ ಲಕ್ಷ ದಾಟಿದೆ. ಟ್ರಂಕಿನ ತಳದಲ್ಲಿದ್ದ ರೂಪಾಯಿಗಳೆಲ್ಲ ಹೊರಗೆ ಬರುತ್ತಿವೆ. ವಾಚು ರಿಪೇರಿಗೆ ಬರುವವರಿಗಿಂತ ‘ಇದು ಏನ್ ಬಾಳ್ತದೆ’ ಎಂದು ಕೇಳಲು ಬರುವವರೇ ಈಚೆಗೆ ಹೆಚ್ಚು.

ಇವತ್ತು ಹಿಂದಿನ ಬೀದಿಯ ದೊಡ್ಡವ್ವ. ಸೆರಗಿನಲ್ಲಿ ಗಂಟು. “ನಮ್ಮತ್ತೆ ಕಾಲ್ದವು ಕಣಪ್ಪ. ಒಸಿ ನೋಡ್ಬುಟ್ಟು ಯೋಳು.” ಮೊಮ್ಮಗಳ ನರ್ಸಿಂಗ್ ಕಾಲೇಜಿನ ಫೀಸು ಕಟ್ಟಬೇಕು. ಗುಂಡ್ಲುಪೇಟೆಯ ಅಂಗಡಿಯೊಂದರಲ್ಲಿ ತೂಕಕ್ಕೆ ಕೇಳಿದ್ದಾರಂತೆ.

ಮೂರು ವಿಕ್ಟೋರಿಯಾ, ಒಂದು ಎಡ್ವರ್ಡ್, ಮೂರು ಐದನೇ ಜಾರ್ಜ್, ಒಂದು ಆರನೇ ಜಾರ್ಜ್. ಜೊತೆಗೆ ಒಂದು ಪುಟ್ಟ ಬಿಲ್ಲೆ. ಎಲ್ಲವೂ ಫಳಫಳ. ಅದನ್ನು ನೋಡಿದ ಕೂಡಲೇ ಮನಸ್ಸು ಕುಗ್ಗಿತು.

“ತೊಳೆದಿದ್ದೀರಾ ದೊಡ್ಡವ್ವ?”

“ವರ್ಷಾ ವರ್ಷಾ ಲಕ್ಷ್ಮಿ ಪೂಜೆಗೆ ಹುಣಸೆಹಣ್ಣು ಹಾಕಿ ತಿಕ್ತೀವಿ. ದೇವರ ಮುಂದೆ ಕರ್ರಗೆ ಮಡಗಕ್ಕಾದದಾ?”

ಏನು ಉತ್ತರ ಹೇಳಲಿ. ಅವರು ಹೇಳಿದ್ದೂ ಸರಿಯೇ.

3 ಆಗಸ್ಟ್, ಭಾನುವಾರ. ಮಧ್ಯಾಹ್ನ

ಅಂಗಡಿಯ ಬಾಗಿಲು ಅರ್ಧ ಎಳೆದು ಕೂತೆ. ಮೇಜಿನ ಮೇಲೆ ಮೆತ್ತನೆ ಬಟ್ಟೆ. ಕಣ್ಣಿಗೆ ಐಗ್ಲಾಸ್. ದೀಪ ಪಕ್ಕದಿಂದ. ಮೇಲಿನಿಂದ ನೇರ ಬಿದ್ದ ಬೆಳಕಿನಲ್ಲಿ ಗೀರುಗಳು ಅಡಗುತ್ತವೆ. ಅಂಚು ಹಿಡಿದು ನಿಧಾನವಾಗಿ ಓರೆ ಮಾಡುತ್ತ ಹೋದರೆ ಒಂದೊಂದೇ ಎದ್ದು ಬರುತ್ತವೆ.

ಮೊದಲು ತೂಕ. 1835ರಲ್ಲಿ ಕಂಪನಿ ಸರ್ಕಾರ ಇಡೀ ಆಳ್ವಿಕೆಗೆ ಒಂದೇ ರೂಪಾಯಿ ತಂದಿತು. ತೂಕ ಒಂದು ತೊಲ, 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಬೆಳ್ಳಿ.

1862. 11.31 ಗ್ರಾಂ. ರಾಣಿಯ ಕಿವಿಯ ಮೇಲಿನ ಕೂದಲೆಳೆ ಕರಗಿದೆ. ರವಿಕೆಯ ಕಸೂತಿ ಅರ್ಧ ಉಳಿದಿದೆ. ‘ಫೈನ್’. ‘ವೆರಿ ಫೈನ್’ಗೆ ಏರದು.

ಇನ್ನೊಂದು 1862. ಹೆಚ್ಚು ಕಡಿಮೆ ಅದೇ ಸ್ಥಿತಿ. ಇಸವಿ ನೋಡಿ ಹಿಗ್ಗುವಂತಿಲ್ಲ. 1873ರವರೆಗೂ ಅದೇ ಇಸವಿ ಹಾಕಿ ಹೊಡೆದರು. 1874ರಿಂದ ಆಯಾ ವರ್ಷದ ಅಂಕಿ.

1901. 1877ರಿಂದ ಈಚಿನದಾದ್ದರಿಂದ ‘ಕ್ವೀನ್’ ಹೋಗಿ ‘ಎಂಪ್ರೆಸ್’. ಮೇಲಂಚಿನಲ್ಲಿ ಸಣ್ಣ ಹಳ್ಳ. ಯಾರೋ ಚುಚ್ಚಲು ಹೋಗಿ ಬಿಟ್ಟಿದ್ದಾರೆ.

1907. ಕಿರೀಟವಿಲ್ಲದ ಎಡ್ವರ್ಡ್. ಹುಬ್ಬು, ಕಿವಿ ಇನ್ನೂ ಚೂಪು. ತಿಕ್ಕದೆ ಇದ್ದಿದ್ದರೆ!

1911. ಕೊಂಡಿ ಬೆಸೆದಿದೆ. ತೂಕ ಹಿಡಿದು ಪ್ರಯೋಜನವಿಲ್ಲ.

1914, 1917. ಎರಡರಲ್ಲೂ ಹಿಂಬದಿಯ ಕೆಳಗಿನ ತಾವರೆಯ ಅಡಿಯಲ್ಲಿ ಪುಟ್ಟ ಚುಕ್ಕೆ. ಬೊಂಬಾಯಿ ಟಂಕಸಾಲೆ. ಚುಕ್ಕೆ ಇಲ್ಲದಿದ್ದರೆ ಕಲಕತ್ತೆ.

1944. ಮೇಜಿಗೆ ತಾಗಿಸಿದರೆ ದನಿಯೇ ಬೇರೆ, ಮಂಕು. 1940ರಿಂದ ಬೆಳ್ಳಿ ಅರ್ಧಕ್ಕಿಳಿಯಿತು. ಉಳಿದದ್ದು ತಾಮ್ರ, ನಿಕ್ಕಲ್, ಸತು. ತೂಕಕ್ಕೆ ಕೊಳ್ಳುವವರು ಇದನ್ನು ಬೇರೆ ಇಡುತ್ತಾರೆ. ದೊಡ್ಡವ್ವನಿಗೆ ಮೊದಲೇ ಹೇಳಬೇಕು.

5 ಆಗಸ್ಟ್, ಮಂಗಳವಾರ

ಸವೆದದ್ದಕ್ಕೂ ತಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು ಬರೆದಿಡಬೇಕು.

ಕೈಯಿಂದ ಕೈಗೆ ದಾಟಿ ಸವೆದ ನಾಣ್ಯದಲ್ಲಿ ಎತ್ತರದ ಜಾಗ ಮೊದಲು ಹೋಗುತ್ತದೆ. ಕೆನ್ನೆ, ಕೂದಲು, ಕಿರೀಟದ ಹರಳು. ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಆ ಕಪ್ಪಿನಿಂದಲೇ ಅಕ್ಷರಗಳು ಎದ್ದು ಕಾಣುವುದು, ಮುಖಕ್ಕೆ ಕಳೆ ಬರುವುದು. ತಿಕ್ಕಿದ ನಾಣ್ಯದಲ್ಲಿ ಎತ್ತರ, ತಗ್ಗು ಎಲ್ಲ ಒಂದೇ ಬಿಳುಪು. ಗಾಜಿನಲ್ಲಿ ನೋಡಿದರೆ ಒಂದೇ ದಿಕ್ಕಿಗೆ ಓಡುವ ನೂರಾರು ಸಣ್ಣ ಗೀರು. ದೊಡ್ಡವ್ವನ ನಾಣ್ಯಗಳ ಅಕ್ಷರದ ಸಂದಿಯಲ್ಲಿ ಅರಿಶಿನ ಕುಂಕುಮ ಗಟ್ಟಿಯಾಗಿ ಕೂತಿದೆ.

ಇನ್ನೊಂದು ಬಗೆಯೂ ಇದೆ. ಹೊಡೆಯುವಾಗಲೇ ಅಚ್ಚು ಸರಿಯಾಗಿ ಒತ್ತಿರುವುದಿಲ್ಲ. ಕೂದಲು ಮಸುಕು, ಆದರೆ ಸುತ್ತಲಿನ ಬಯಲಿನಲ್ಲಿ ಹೊಸ ನಾಣ್ಯದ ಮಿಂಚು. ಅದನ್ನು ಸವೆತ ಎಂದು ಲೆಕ್ಕ ಹಾಕಬಾರದು. ಮಿಂಚು ಎಲ್ಲಿ ಮುರಿದಿದೆ ಎಂಬುದೇ ಸಾಕ್ಷಿ.

ಶೆಲ್ಡನ್ ಎಂಬ ಅಮೆರಿಕದವರು 1949ರಲ್ಲಿ 1ರಿಂದ 70ರವರೆಗೆ ಅಂಕ ಹಾಕುವ ಪದ್ಧತಿ ತಂದರು. ಈಗ ಜಗತ್ತೆಲ್ಲ ಅದೇ. 1907ಕ್ಕೆ ಮನಸ್ಸಿನಲ್ಲೇ ನಲವತ್ತು ಹಾಕಿದ್ದೆ. ತಿಕ್ಕಿದ ಗೀರು ಕಂಡ ಮೇಲೆ ಯಾವ ಅಂಕವೂ ನಿಲ್ಲಲಿಲ್ಲ.

8 ಆಗಸ್ಟ್, ಶುಕ್ರವಾರ. ವರಮಹಾಲಕ್ಷ್ಮಿ

ಮನೆಯಲ್ಲೂ ಕಳಶಕ್ಕೆ ಬೆಳ್ಳಿ ರೂಪಾಯಿ ಬೇಕು. ಹೆಂಡತಿ ನನ್ನ ಡಬ್ಬಿಗೆ ಕೈ ಹಾಕುವ ಮೊದಲೇ 1918ರದೊಂದನ್ನು ತೆಗೆದುಕೊಟ್ಟೆ. ಚೆನ್ನಾಗಿ ಸವೆದದ್ದು. “ಇದು ದೇವರಿಗೇ ಇರಲಿ. ಪ್ರತಿ ವರ್ಷ ಇದೇ.” ಇವಳು ಅದನ್ನು ಕಣ್ಣಿಗೊತ್ತಿಕೊಂಡಳು.

ಊರಿನ ಎಷ್ಟು ಮನೆಗಳಲ್ಲಿ ಇವತ್ತು ಬೆಳಿಗ್ಗೆ ಹುಣಸೆಹಣ್ಣು, ವಿಭೂತಿ ಹಿಡಿದು ರಾಣಿಯ ಮುಖ ತಿಕ್ಕಿದ್ದಾರೋ. ಸಂಗ್ರಹಕಾರನಿಗೆ ಅದು ಹಾಳು. ತಿಕ್ಕಿದವರಿಗೆ ಅದು ಸೇವೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

9 ಆಗಸ್ಟ್, ಶನಿವಾರ. ರಾತ್ರಿ ಹತ್ತೂವರೆ

ನಿದ್ದೆ ಬರುವ ಹಾಗಿಲ್ಲ.

ದೊಡ್ಡವ್ವ ಸಂಜೆ ಮತ್ತೊಂದು ತಂದರು. ಅಂಗೈಯಲ್ಲಿ ಹಳದಿ ಬಟ್ಟೆಯ ಪುಟ್ಟ ಗಂಟು. ಅವರ ಅತ್ತೆ ಹುಲುಗನಮುರಡಿ ವೆಂಕಟರಮಣಸ್ವಾಮಿಗೆ ಕಟ್ಟಿಟ್ಟ ಮುಡಿಪು. ಯಾತಕ್ಕೆ ಹೊತ್ತ ಹರಕೆಯೋ ಯಾರಿಗೂ ಗೊತ್ತಿಲ್ಲ. ಒಪ್ಪಿಸುವ ಮೊದಲೇ ಅವರು ತೀರಿಕೊಂಡರಂತೆ. ಬಟ್ಟೆ ತಾನೇ ಜೀರ್ಣವಾಗಿ ಬಿಚ್ಚಿಕೊಂಡಿದೆ.

ಒಳಗೆ ಒಂದು ರೂಪಾಯಿ. 1862.

ಅಂಚಿನಲ್ಲಿ ಜೇನು ಹಳದಿ. ಒಳಗೆ ಬರುತ್ತ ನೇರಳೆ. ರಾಣಿಯ ಕುತ್ತಿಗೆಯ ಬಳಿ ನೀಲಿ. ನೀರಿನ ಮೇಲೆ ಬಿದ್ದ ಎಣ್ಣೆಯ ಪದರದಲ್ಲಿ ಕಾಣುವ ಬಣ್ಣಗಳೇ. ಓರೆ ಮಾಡಿದರೆ ಆ ಬಣ್ಣದ ಕೆಳಗೆ ಟಂಕಸಾಲೆಯ ಮಿಂಚು ಸುತ್ತು ಹೊಡೆಯುತ್ತದೆ. ಕೂದಲು ಎಳೆ ಎಳೆಯಾಗಿದೆ. ರವಿಕೆಯ ಹೂವು ಪೂರ್ತಿ.

ತೂಕ 11.64.

ಇಂಥದ್ದನ್ನು ಪುಸ್ತಕದಲ್ಲಿ ನೋಡಿದ್ದೆ. ಕೈಯಲ್ಲಿ ಹಿಡಿದದ್ದು ಈಗಲೇ. ಗಂಟಲು ಕಟ್ಟಿತು.

11 ಆಗಸ್ಟ್, ಸೋಮವಾರ

ಅನುಮಾನದಿಂದಲೇ ಮತ್ತೆ ನೋಡಿದೆ. ಬಣ್ಣ ಕಟ್ಟುವ ಮೋಸವೂ ಉಂಟು. ಗಂಧಕ ಹಾಕಿ, ಬಿಸಿ ಮಾಡಿ ಒಂದೇ ದಿನದಲ್ಲಿ ನೀಲಿ ತರಿಸುತ್ತಾರೆ. ಹಾಗೆ ಬಂದ ಬಣ್ಣ ತಿಕ್ಕಿದ ಗೀರುಗಳ ಒಳಗೂ ಇಳಿದಿರುತ್ತದೆ, ಒಂದು ಬಣ್ಣದಿಂದ ಇನ್ನೊಂದಕ್ಕೆ ಥಟ್ಟನೆ ಹಾರುತ್ತದೆ. ಇಲ್ಲಿ ಹಾಗಿಲ್ಲ. ಹಳದಿ ನೇರಳೆಗೆ, ನೇರಳೆ ನೀಲಿಗೆ ಮೆಲ್ಲಗೆ ತಿರುಗಿದೆ. ಗಾಳಿಯಲ್ಲಿರುವ, ಬಟ್ಟೆಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಮೇಲೆ ತೆಳ್ಳನೆ ಪದರ ಕಟ್ಟುತ್ತ ಹೋಗುತ್ತದೆ. ಪದರ ದಪ್ಪವಾದಂತೆ ಬಣ್ಣ ಬದಲು. ಕೊನೆಗೆ ಕಪ್ಪು. ಇದು ಕಪ್ಪಾಗುವ ಮೊದಲೇ ನಮ್ಮ ಕಣ್ಣಿಗೆ ಬಿತ್ತು.

ಅಂಚಿನ ಗೆರೆಗಳನ್ನೂ ನೋಡಿದೆ. ಒಂದೇ ಸಮ, ಚೂಪು. ಎರಕ ಹೊಯ್ದ ನಕಲಿಯಲ್ಲಿ ಅಂಚಿನಲ್ಲಿ ಕೂಡುಗೆರೆ ಇರುತ್ತದೆ, ಮೈಮೇಲೆ ಗುಳ್ಳೆಯ ತೂತುಗಳಿರುತ್ತವೆ. ಯಾವುದೂ ಇಲ್ಲ. ಅಸಲಿ.

ಬೇಕು ಅನಿಸುತ್ತಿದೆ. ತುಂಬ ಬೇಕು ಅನಿಸುತ್ತಿದೆ.

ದೊಡ್ಡವ್ವನಿಗೆ ಹೇಳಿದೆ: ಇದು ಬೆಳ್ಳಿಯ ಬೆಲೆಯದ್ದಲ್ಲ, ಅದಕ್ಕಿಂತ ಎಷ್ಟೋ ಪಾಲು ಹೆಚ್ಚು, ಯಾರಿಗೂ ತೂಕಕ್ಕೆ ಕೊಡಬೇಡಿ, ನನಗೂ ಕೊಡಬೇಡಿ. ಅವರು, “ನಿನಗ್ಯಾಕೆ ಕೊಡಾನ, ಸ್ವಾಮೀದಲ್ವಾ” ಎಂದರು. ಅಷ್ಟರಲ್ಲಿ ಮಾತು ಮುಗಿಯಿತು.

13 ಆಗಸ್ಟ್, ಬುಧವಾರ. ಬೆಳಿಗ್ಗೆ

ಅಕ್ಷರದಲ್ಲಿ ಕೂತ ಅರಿಶಿನವನ್ನು ಬಿಡಿಸಬಹುದೇ ಎಂದು ನನ್ನದೇ ಒಂದು ಸಾಧಾರಣ ರೂಪಾಯಿಯ ಮೇಲೆ ನೋಡಿದೆ. ಅಸಿಟೋನ್, ಶುದ್ಧವಾದದ್ದು. ಉಗುರುಬಣ್ಣ ಅಳಿಸುವ ದ್ರವ ಬೇಡ, ಅದರಲ್ಲಿ ಬಣ್ಣ, ಪರಿಮಳ ಬೆರೆತಿರುತ್ತದೆ. ಗಾಜಿನ ಬಟ್ಟಲಲ್ಲಿ ಮುಳುಗಿಸಿ ಬಿಟ್ಟೆ. ತಿಕ್ಕಲಿಲ್ಲ. ಹಳದಿ ದ್ರವಕ್ಕೆ ಇಳಿಯಿತು. ಎಣ್ಣೆ ಜಿಡ್ಡೂ ಹೋಯಿತು. ಬೆಳ್ಳಿಗೆ ಏನೂ ಆಗಿಲ್ಲ. ಕುಂಕುಮ ಮಾತ್ರ ಹಾಗೇ ಇದೆ. ಇರಲಿ.

ಮೆತ್ತನೆ ಪ್ಲಾಸ್ಟಿಕ್ ಕವರುಗಳನ್ನೆಲ್ಲ ತೆಗೆದುಹಾಕಿದೆ. ಪಿವಿಸಿ ಕಾಲಕ್ರಮೇಣ ಹಸಿರು ಅಂಟು ಬಿಡುತ್ತದೆ.

15 ಆಗಸ್ಟ್, ಶುಕ್ರವಾರ

ಧ್ವಜಾರೋಹಣ ಮುಗಿಸಿ ಬರುವಾಗ ಒಬ್ಬ ಹುಡುಗ ಅಡ್ಡ ಬಂದ. ಮೊಬೈಲಿನಲ್ಲಿ ಫೋಟೋ. ಹೊಲ ಉಳುವಾಗ ಸಿಕ್ಕ ಮಡಕೆಯಂತೆ, ಸ್ನೇಹಿತನದಂತೆ. ಫೋಟೋ ಮಸುಕು. ಬೆಳ್ಳಿಯೋ ಸೀಸವೋ ಹೇಳಲಾಗದು.

ನೆಲದಲ್ಲಿ ಸಿಕ್ಕಿದ್ದಾದರೆ ನಾನು ನೋಡುವುದಿಲ್ಲ, ತಹಶೀಲ್ದಾರರಿಗೆ ತಿಳಿಸಿ ಎಂದೆ. ಕರ್ನಾಟಕ ನಿಧಿ ಕಾಯ್ದೆ 1962ರಿಂದಲೇ ಇದೆ. ಹುಡುಗ ಮುಖ ಸಣ್ಣದು ಮಾಡಿಕೊಂಡು ಹೋದ.

ಕೋಟೆ ಪಾಳು ಬಿದ್ದ ಊರು ನಮ್ಮದು. ಉಮ್ಮತ್ತೂರಿನವರು, ಆಮೇಲೆ ಮೈಸೂರಿನ ರಾಜ ಒಡೆಯರು, ಎಲ್ಲರೂ ಇದಕ್ಕಾಗಿ ಕಾದಿದವರೇ. ನೆಲದಲ್ಲಿ ಏನಿಲ್ಲ? ಯಾವ ಜಾಗದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದು ಅಳಿಸಿಹೋದರೆ ನಾಣ್ಯ ಎಷ್ಟು ಅಂದವಾಗಿದ್ದರೂ ಅರ್ಧ ಮೂಕ. ಆ ಹುಡುಗ ತಿಳಿಸುತ್ತಾನೋ ಇಲ್ಲವೋ.

17 ಆಗಸ್ಟ್, ಭಾನುವಾರ

ಪುಟ್ಟ ಬಿಲ್ಲೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಒಂದು ಬದಿಯಲ್ಲಿ ಕುಣಿಯುವ ಚಾಮುಂಡಿ. ಮುಮ್ಮಡಿ ಕೃಷ್ಣರಾಜರ ಕಾಲದ್ದು. ನಮ್ಮ ಅರಿಕುಠಾರಕ್ಕೆ ಚಾಮರಾಜನಗರ ಎಂದು ಹೆಸರಿಟ್ಟ ದೊರೆ.

ಇದನ್ನು ಯಂತ್ರದ ರೂಪಾಯಿಯ ಅಳತೆಯಲ್ಲಿ ನೋಡಿದರೆ ಅನ್ಯಾಯ. ಕೈಯಿಂದ ಹೊಡೆದದ್ದು. ಅಚ್ಚು ಬಿಲ್ಲೆಗಿಂತ ದೊಡ್ಡದು. ಹಾಗಾಗಿ ಬರಹ ಯಾವತ್ತೂ ಪೂರ್ತಿ ಬೀಳದು. ಇಲ್ಲಿ ಕೇಳಬೇಕಾದದ್ದು ಎಷ್ಟು ಸವೆದಿದೆ ಎಂದಲ್ಲ, ಎಷ್ಟು ಬಿದ್ದಿದೆ ಎಂದು. ದೇವಿ ನಡುವಿನಲ್ಲಿದ್ದಾಳೆ. ಎತ್ತಿದ ಕಾಲು ಇದೆ. ಒಂದು ಕೈ ಅಂಚಿನಾಚೆ ಹೋಗಿದೆ. ಹಿಂಬದಿಯ ಅಕ್ಷರ ಅರ್ಧ. ನನ್ನ ಕಣ್ಣಿಗೆ ಇದು ಒಳ್ಳೆಯ ನಾಣ್ಯ.

ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಹೋಯಿತು, 1843ರಲ್ಲಿ ಮುಚ್ಚಿತು. ಆಮೇಲೆ ನಮ್ಮ ಸೀಮೆಯ ಬೆಳ್ಳಿಯೆಲ್ಲ ಹೊರಗಿನವರ ಮುಖದ್ದೇ.

20 ಆಗಸ್ಟ್, ಬುಧವಾರ. ರಾತ್ರಿ

ಮೈಸೂರಿನ ಹಿರಿಯ ಸಂಗ್ರಹಕಾರರೊಬ್ಬರಿಗೆ ಫೋಟೋ ಕಳಿಸಿದ್ದೆ. ಚಾಮುಂಡಿ ಬಿಲ್ಲೆಗೂ 1907ಕ್ಕೂ ಒಳ್ಳೆಯ ಬೆಲೆ ಹೇಳಿದರು. ಎರಡು 1862, 1914, 1917: ಬೆಳ್ಳಿಗಿಂತ ತುಸು ಮೇಲೆ. 1901 ಬೆಳ್ಳಿಯ ಬೆಲೆಗೇ. 1944 ಲೆಕ್ಕಕ್ಕಿಲ್ಲ. 1911ಕ್ಕೆ, “ಕೊಂಡಿ ಇದ್ದರೆ ಬೇಡಪ್ಪ.”

ಅಂಗಡಿಗಾರನ ಬೆಲೆಗಿಂತ ಒಟ್ಟು ಹೆಚ್ಚೇ ಬರುತ್ತದೆ. ಫೀಸಿನ ಮೊದಲ ಕಂತಿಗೆ ಆಸರೆ.

ಆದರೆ ಆ 1911. ಅಪರೂಪದ ವರ್ಷ. ದೊರೆಯ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಮೊಟಕಾಗಿ ಕಂಡು, ಹಂದಿ ಕೆತ್ತಿದ್ದಾರೆಂದು ಗಲಾಟೆಯಾಯಿತು. ಬಹುಪಾಲನ್ನು ಕರಗಿಸಿ 1912ರಲ್ಲಿ ಸೊಂಡಿಲು ತಿದ್ದಿದರು. ದೊಡ್ಡವ್ವನದರಲ್ಲಿ ಆನೆಯೂ ಇಲ್ಲ, ಹಂದಿಯೂ ಇಲ್ಲ. ಅತ್ತೆಯ ಕೊರಳಲ್ಲಿ ತಿಕ್ಕಿ ತಿಕ್ಕಿ ಆ ಜಾಗ ನುಣ್ಣಗಾಗಿದೆ. ಹೆಚ್ಚು ಪ್ರೀತಿ ಕಂಡ ನಾಣ್ಯಕ್ಕೆ ಕಡಿಮೆ ಅಂಕ. ಯಾರೂ ಮುಟ್ಟದೆ ಮರೆತದ್ದಕ್ಕೆ ಎಲ್ಲಕ್ಕಿಂತ ಹೆಚ್ಚು. ಲೆಕ್ಕ ಸರಿ ಇದೆ. ಆದರೂ ಮನಸ್ಸು ಒಪ್ಪುತ್ತಿಲ್ಲ.

21 ಆಗಸ್ಟ್, ಗುರುವಾರ

ತರಕಾರಿ ತುಂಬಲು ಬರುವ ಕೇರಳದ ವ್ಯಾಪಾರಿ ವಾಚಿಗೆ ಸೆಲ್ ಹಾಕಿಸಲು ಬಂದವರು ಮೇಜಿನ ಮೇಲಿದ್ದ ನಾಣ್ಯಗಳನ್ನು ನೋಡಿದರು. ಗಲ್ಫಿನಲ್ಲಿರುವ ಭಾವನಿಗೆ ಕಳಿಸಿದರೆ ಒಳ್ಳೆಯ ದುಡ್ಡಂತೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾವಸ್ತು, ದೇಶ ಬಿಟ್ಟು ಹೋಗುವಂತಿಲ್ಲ ಎಂದೆ. ಅವರಿಗೆ ಅದು ಹೊಸ ಸುದ್ದಿ. 1944 ಆಗಬಹುದಾ ಎಂದು ಕೇಳಿದರು. ಅದು ದೊಡ್ಡವ್ವನದು, ಅವರನ್ನೇ ಕೇಳಿ ಎಂದೆ.

23 ಆಗಸ್ಟ್, ಶನಿವಾರ. ಶ್ರಾವಣದ ಕೊನೆ ಶನಿವಾರ

ದೊಡ್ಡವ್ವ ಮೊಮ್ಮಗಳ ಜೊತೆ ಹುಲುಗನಮುರಡಿ ಬೆಟ್ಟಕ್ಕೆ ಹೋಗಿಬಂದರು. ಮುಡಿಪು ಒಯ್ಯಲಿಲ್ಲ. ಹೊಸ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲೇ ಇಟ್ಟಿದ್ದಾರೆ. ಅದರ ಬೆಲೆಯನ್ನು ಹುಂಡಿಗೆ ಹಾಕಿ ನಾಣ್ಯ ಉಳಿಸಿಕೊಂಡರೆ ಹರಕೆ ತೀರುತ್ತದೆಯೇ ಎಂದು ಪೂಜಾರರನ್ನು ಕೇಳಬೇಕಂತೆ. ಹಾಗೆ ಮಾಡಿ ಎಂದು ಹೇಳುವ ಬಾಯಿ ನನಗಿಲ್ಲ. ಹುಂಡಿಗೆ ಬಿದ್ದರೆ ಕರಗುವ ಬೆಳ್ಳಿಯ ಜೊತೆ ಸೇರೀತೆಂಬ ಭಯವೂ ಹೋಗಿಲ್ಲ. ಎರಡೂ ಬದಿಯ ಫೋಟೋ ತೆಗೆದು, ತೂಕ, ಅಂಚು, ಬಣ್ಣ ಎಲ್ಲ ಬರೆದು ಅವರ ಮೊಮ್ಮಗಳ ಕೈಗೆ ಕೊಟ್ಟೆ.

1911 ಅವರ ಕೊರಳಿಗೇ ಹೋಯಿತು. ಮಾರುವುದಿಲ್ಲವಂತೆ. 1944 ಇನ್ನು ಮುಂದೆ ಕಳಶಕ್ಕೆ. ಉಳಿದವು ನಾಳೆ ಮೈಸೂರಿಗೆ.

ಗಣೇಶನ ಹಬ್ಬ ಹತ್ತಿರ ಬಂತು, ಆಮೇಲೆ ದಸರೆ, ದೀಪಾವಳಿ. ಮತ್ತೆ ಹುಣಸೆಹಣ್ಣು. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಗಡಿಯ ಮುಂದೆ ತೂಗುಹಾಕಿದೆ:

“ಹಳೆಯ ಬೆಳ್ಳಿ ನಾಣ್ಯ ತೋರಿಸುವವರು ತೊಳೆಯದೆ ತನ್ನಿ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಬೇಡ. ಪೂಜೆಗೆ ಒಂದನ್ನು ಬೇರೆ ಇಟ್ಟುಕೊಳ್ಳಿ. ಕರಗಿಸಲು ಕೊಡುವ ಮೊದಲು ಒಮ್ಮೆ ತೋರಿಸಿ. ನೋಡಿ ಹೇಳುವುದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.”