ಫೇ ಹಳ್ಳಿ ನೋಡಿ ತಮ್ಮನಿಗೊಂದು ಕಾಗದ

ಲೇಹ್, ಅಕ್ಟೋಬರ್

ರಘು,

ಮೂಡಿಗೆರೆ ಕಡೆ ಗುಡ್ಡದ ಮೇಲೆ ಜಾಗ ನೋಡಿದ್ದೀನಿ, ನಮ್ಮದೇ ಕರೆಂಟು, ನಮ್ಮದೇ ತರಕಾರಿ, ಬೆಂಗಳೂರಿನವರು ಬಂದು ತಂಗುವುದಕ್ಕೆ ನಾಲ್ಕು ಮಣ್ಣಿನ ಮನೆ ಅಂತ ಫೋನಿನಲ್ಲಿ ಹೇಳಿದೆಯಲ್ಲ, ಅಂಥದೇ ಜಾಗ ಇಲ್ಲೊಂದು ನೋಡಿ ಬಂದೆ. ಅಡ್ವಾನ್ಸ್ ಕೊಡುವ ಮೊದಲು ಇದನ್ನು ಪೂರ್ತಿ ಓದು.

ಲೇಹ್‌ನಿಂದ ಸಿಂಧೂ ಹರಿಯುವ ದಿಕ್ಕಿಗೇ ಹೋದರೆ ಫೇ ಎಂಬ ಹಳ್ಳಿ. ಅದರ ಹತ್ತಿರ ನದಿ ದಂಡೆಯ ಬೋಳು ನೆಲದಲ್ಲಿ ಸೆಕ್ಮೋಲ್ ಕ್ಯಾಂಪಸ್. ಲಡಾಖಿನ ಎಂಜಿನಿಯರ್ ಸೋನಮ್ ವಾಂಗ್ಚುಕ್ ಮತ್ತು ಗೆಳೆಯರು 1988ರಲ್ಲಿ ಶುರುಮಾಡಿದ ಶಿಕ್ಷಣ ಸಂಸ್ಥೆ. ಹತ್ತನೇ ತರಗತಿ ಫೇಲಾದ ಮಕ್ಕಳನ್ನು ಕರೆದು ಸೇರಿಸಿಕೊಂಡು ಹೆಸರಾಯಿತು.

ದೊಡ್ಡ ಕಟ್ಟಡದ ಗೋಡೆಗಳು ಮಣ್ಣನ್ನು ಕುಟ್ಟಿ ಕುಟ್ಟಿ ಎಬ್ಬಿಸಿದವು. 2016ರಲ್ಲಿ ಫ್ರಾನ್ಸಿನಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಟೆರ್ರಾ ಪ್ರಶಸ್ತಿ ಬಂತು. ಕಿಟಕಿಗಳೆಲ್ಲ ದಕ್ಷಿಣಕ್ಕೆ. ಚಳಿಗಾಲದ ಸೂರ್ಯ ತಗ್ಗಿನಲ್ಲಿ ಹಾಯುವುದರಿಂದ ಬಿಸಿಲು ಒಳಗಿನವರೆಗೂ ಬಂದು ನೆಲ, ಗೋಡೆಗಳನ್ನು ಕಾಯಿಸುತ್ತದೆ. ರಾತ್ರಿಯಿಡೀ ಆ ಕಾವೇ ಸಾಕು. ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿಳಿದರೂ ಒಳಗೆ ಸೌದೆ ಉರಿಸುವುದಿಲ್ಲವಂತೆ. ಅಡುಗೆಮನೆಯ ಆಚೆ ದೊಡ್ಡ ಕನ್ನಡಿಗಳು ಸೂರ್ಯನ ಜೊತೆ ತಿರುಗುತ್ತ ಬಿಸಿಲನ್ನು ಪಾತ್ರೆಯ ತಳಕ್ಕೆ ಕೂಡಿಸುತ್ತವೆ. ಪಾಯಿಖಾನೆಗೆ ನೀರೇ ಬೇಡ. ಮೇಲಿನಿಂದ ಒಂದಿಷ್ಟು ಮಣ್ಣು ತಳ್ಳಿದರಾಯಿತು, ಕೆಳಗೆ ಗೊಬ್ಬರವಾಗುತ್ತದೆ. ಮೂಗು ಮುರಿಯಬೇಡ, ವಾಸನೆಯೇ ಇರಲಿಲ್ಲ. ಹಾಗಂತ ಎಲ್ಲವೂ ಇಲ್ಲೇ ಆಗುವುದಿಲ್ಲ, ಅಕ್ಕಿಯಂಥದ್ದು ಹೊರಗಿನಿಂದಲೇ ಬರಬೇಕು. ಲಡಾಖಿನಲ್ಲಿ ಭತ್ತ ಬೆಳೆಯದು.

ಇದನ್ನೇ ಮೂಡಿಗೆರೆಯಲ್ಲಿ ಕಟ್ಟಿಸುತ್ತೇನೆ ಎಂದು ಹೊರಡಬೇಡ. ಇಲ್ಲಿ ವರ್ಷಕ್ಕೆ ಬೀಳುವ ಮಳೆ 100 ಮಿ.ಮೀ. ಆಸುಪಾಸು. ನಮ್ಮಲ್ಲಿ ಆಷಾಢದ ಒಂದು ಜಡಿಮಳೆಯ ವಾರಕ್ಕೆ ಅದು ಮುಗಿದುಹೋಗುತ್ತದೆ. ಆಗ ಕನ್ನಡಿಗೆ ಸೂರ್ಯನನ್ನು ಎಲ್ಲಿಂದ ತರುತ್ತೀಯ? ಸೂರು ಗಿಡ್ಡವಾದರೆ ಮಣ್ಣಿನ ಗೋಡೆಯೂ ಕರಗುತ್ತದೆ. ಅಜ್ಜನ ಮನೆ ನೆನಪಿದೆಯಲ್ಲ? ಇಳಿಜಾರು ಹೆಂಚಿನ ಮಾಡು, ಜಗಲಿ ದಾಟಿ ಇಳಿದ ಸೂರು, ಮಳೆಗಾಲಕ್ಕೆ ಮೊದಲೇ ಒಟ್ಟಿದ ಸೌದೆ. ಇಲ್ಲಿಯವರು ಬಿಸಿಲಿಗೆ ತಕ್ಕಂತೆ ಕಟ್ಟಿದರು, ಅಜ್ಜ ಮಳೆಗೆ ತಕ್ಕಂತೆ. ಒಲೆಯ ಮಾತೂ ಹಾಗೆಯೇ, ಇಲ್ಲಿಯ ಚಳಿಗೆ ಗೋಬರ್ ಗ್ಯಾಸ್ ಸರಿಯಾಗಿ ಏಳುವುದಿಲ್ಲ. ನಮ್ಮಲ್ಲಿ ನಾಲ್ಕು ದನವಿದ್ದರೆ ಒಲೆಯ ಚಿಂತೆಯಿಲ್ಲ.

ಇಲ್ಲಿಂದ ಕಲಿಯಬೇಕಾದದ್ದು ಬೇರೆ ಇದೆ. ಹಸು ನೋಡುವುದು, ತೋಟಕ್ಕೆ ನೀರು ಬಿಡುವುದು, ಸೋಲಾರ್ ಬ್ಯಾಟರಿ ಗಮನಿಸುವುದು, ಅಡುಗೆ, ಎಲ್ಲವೂ ಮಕ್ಕಳದೇ, ಸರದಿಯ ಮೇಲೆ. ಬಂದು ಉಳಿದವರೂ ತರಕಾರಿ ಹೆಚ್ಚಬೇಕು, ತಟ್ಟೆ ತೊಳೆಯಬೇಕು. ಅಷ್ಟು ಕೈಗಳಿರುವುದರಿಂದಲೇ ಈ ಜಾಗ ತನ್ನ ಕಾಲ ಮೇಲೆ ನಿಂತಿದೆ. ನೀನೋ, ಗುಡ್ಡದ ಮೇಲೆ ಒಬ್ಬನೇ ಇರುತ್ತೇನೆ ಅನ್ನುತ್ತೀಯ. ದನಕ್ಕೆ ಹುಷಾರಿಲ್ಲದ ದಿನ, ಬ್ಯಾಟರಿ ಕೈಕೊಟ್ಟ ದಿನ ಯಾರನ್ನು ಕರೆಯುತ್ತೀಯ? ದುಡ್ಡು ಕೊಟ್ಟು ಬಂದ ಅತಿಥಿಗೆ ಬೆಳಗ್ಗೆ ಸಗಣಿ ಎತ್ತಲು ಹೇಳುವ ಧೈರ್ಯ ನಿನಗಿದೆಯೇ?

ಅಗ್ರಿಮೆಂಟಿಗೆ ಅವಸರ ಬೇಡ. ಒಂದು ಮಳೆಗಾಲ ಅಲ್ಲೇ ಬಾಡಿಗೆಗಿದ್ದು, ಕೆಳಗಿನ ಊರಿನವರ ಪರಿಚಯ ಮಾಡಿಕೋ. ಆಮೇಲೂ ಜಾಗ ಬೇಕೆನಿಸಿದರೆ ನನ್ನ ಪಾಲಿನ ದುಡ್ಡೂ ಹಾಕುತ್ತೇನೆ.

ಅಮ್ಮನಿಗೆ ಒಣಗಿದ ಏಪ್ರಿಕಾಟ್ ಕೊಂಡಿದ್ದೇನೆ. ಮಂಡಿನೋವಿನ ಎಣ್ಣೆ ತಪ್ಪದೆ ಹಚ್ಚಿಕೊಳ್ಳಲು ಹೇಳು.

ಇಂತಿ ನಿನ್ನ ಅಕ್ಕ