ದೊಡ್ಡ ಟೈರಿಗೆ ಎಷ್ಟು ಗಾಳಿ

ನಮ್ಮ ವಿಭಾಗದ ಪಿಕಪ್ ಟ್ರಕ್ಕಿನಲ್ಲಿ ಗಾಳಿಯ ಲೆಕ್ಕವನ್ನು ಎರಡು ಕಡೆ ಬರೆದಿದೆ. ಚಾಲಕನ ಬಾಗಿಲು ತೆರೆದರೆ ಪಕ್ಕದ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ 35 ಪಿಎಸ್‌ಐ ಎಂದಿದೆ. ಟೈರಿನ ಪಕ್ಕದ ಗೋಡೆಯ ಮೇಲೆ, ಕೂತು ನೋಡಿದರೆ ಮಾತ್ರ ಕಾಣುವಷ್ಟು ಸಣ್ಣ ಉಬ್ಬಕ್ಷರಗಳಲ್ಲಿ 65 ಎಂದಿದೆ. ಎರಡರಲ್ಲಿ ಯಾವುದೂ ಸುಳ್ಳಲ್ಲ, ಆದರೆ ಯಾವುದೂ ನಮಗೆ ಬೇಕಾದ ಉತ್ತರವೂ ಅಲ್ಲ.

ಬಾಗಿಲಿನ ಚೀಟಿ ಹೇಳುವುದು ಕಾರ್ಖಾನೆಯಿಂದ ಹೊರಬಂದ ದಿನ ಈ ಗಾಡಿಗಿದ್ದ ಸುಮಾರು 32 ಅಂಗುಲ ಎತ್ತರದ ಟೈರುಗಳ ಮಾತು. ಅವು ಹೋಗಿ ಎಷ್ಟೋ ಕಾಲವಾಗಿದೆ. ಗಾಡಿಯನ್ನು ನಮಗೆ ಮಾರಿದವರು ಅದಕ್ಕೆ 35 ಅಂಗುಲ ಎತ್ತರದ, ಹನ್ನೆರಡೂವರೆ ಅಂಗುಲ ಅಗಲದ, ದಪ್ಪ ಗೋಡೆಯ ಟೈರು ಹಾಕಿಸಿದ್ದರು. ಅಮೆರಿಕಾದ ಈ ಭಾಗದಲ್ಲಿ ಇದೊಂದು ಶೋಕಿ. ಪೇಟೆಯಲ್ಲಿ ಕಾಫಿ ತರಲು ಹೋಗುವ ಗಾಡಿಗೂ ಮರುಭೂಮಿ ದಾಟುವ ಟೈರು ಇರುತ್ತದೆ. ನಮಗೆ ಅದು ಶೋಕಿಯಾಗಿರಲಿಲ್ಲ. ಹಿಮಯುಗದಲ್ಲಿ ವಾಯವ್ಯ ನೆವಾಡಾದ ಕಣಿವೆಗಳನ್ನು ತುಂಬಿ ನಿಂತಿದ್ದ ಲಹಾಂಟನ್ ಎಂಬ ಕೆರೆಯ ಹಳೆಯ ದಡಗಳನ್ನು ಹುಡುಕುವುದು ನನ್ನ ಸಂಶೋಧನೆ. ದಡಗಳು ಇರುವುದು ಡಾಂಬರು ಮುಗಿದು ಬಹಳ ದೂರ ಹೋದ ಮೇಲೆ.

ಗೋಡೆಯ ಮೇಲಿನ 65 ಎಂದರೆ, ಆ ಟೈರು ತನ್ನ ಪೂರ್ತಿ ಶಕ್ತಿಯಷ್ಟು ಭಾರ ಹೊರಬೇಕಾದರೆ ಬೇಕಾಗುವ ಒತ್ತಡ. ನಮ್ಮ ಟ್ರಕ್ಕು ತುಂಬಿದರೂ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಖಾಲಿ ಗಾಡಿಗೆ 65 ಹಾಕಿದರೆ ಟೈರು ಡೋಲಿನಂತೆ ಬಿಗಿದುಕೊಂಡು ಮಧ್ಯದ ಪಟ್ಟಿಯ ಮೇಲಷ್ಟೇ ನಿಲ್ಲುತ್ತದೆ. ಅಂಚುಗಳು ನೆಲ ಮುಟ್ಟುವುದಿಲ್ಲ, ಜಲ್ಲಿ ರಸ್ತೆಯಲ್ಲಿ ಹಿಂಭಾಗ ಕುಣಿಯುತ್ತದೆ, ಮಳೆಯಲ್ಲಿ ಬ್ರೇಕು ಹಿಡಿಯುವುದು ತಡವಾಗುತ್ತದೆ. ಆದರೂ ನಮ್ಮ ಲ್ಯಾಬಿನ ಒಬ್ಬ ಗೆಳೆಯ 65ರ ಪಕ್ಷ. ಟೈರು ಮಾಡಿದವರೇ ಬರೆದಿದ್ದಾರಲ್ಲ ಎಂಬುದು ಅವನ ವಾದ.

ಇನ್ನೊಬ್ಬಳು ಸೀಮೆಸುಣ್ಣದ ಪಕ್ಷ. ಟೈರಿನ ಅಗಲಕ್ಕೂ ಸೀಮೆಸುಣ್ಣದ ದಪ್ಪ ಗೆರೆ ಎಳೆದು, ಸಮತಟ್ಟಾದ ರಸ್ತೆಯಲ್ಲಿ ನೇರಕ್ಕೆ ಸ್ವಲ್ಪ ದೂರ ಓಡಿಸಿ, ಇಳಿದು ನೋಡಬೇಕು. ಮಧ್ಯದ ಸುಣ್ಣ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ, ಅಂಚಿನದು ಮಾತ್ರ ಅಳಿಸಿದ್ದರೆ ಕಡಿಮೆ, ಗೆರೆ ಒಂದೇ ಸಮ ಅಳಿಸಿದರೆ ಸರಿ. ನನಗೂ ಈ ಪರೀಕ್ಷೆ ಇಷ್ಟ. ಖಾಲಿ ಗಾಡಿಯ ಹಿಂದಿನ ಟೈರಿಗೆ ಅದು 28 ಎಂದು ಹೇಳಿತು. ಆದರೆ ಸುಣ್ಣಕ್ಕೆ ತಿಳಿಯುವುದು ಟೈರು ನೆಲವನ್ನು ಹೇಗೆ ಮುಟ್ಟುತ್ತಿದೆ ಎಂಬುದಷ್ಟೇ. ಹೆದ್ದಾರಿಯಲ್ಲಿ ಎರಡು ಗಂಟೆ ಓಡಿದ ಮೇಲೆ ಗೋಡೆಯೊಳಗೆ ಎಷ್ಟು ಶಾಖ ಹುಟ್ಟುತ್ತದೆ ಎಂಬುದು ಅದಕ್ಕೆ ತಿಳಿಯದು. ದಪ್ಪ ಗೋಡೆಯ ಟೈರಂತೂ ಗಾಳಿ ಕಡಿಮೆಯಿದ್ದರೂ ಬಿಗುಮಾನದಿಂದ ನೆಟ್ಟಗೆ ನಿಂತು ಗೆರೆಯನ್ನು ಸಮವಾಗಿ ಅಳಿಸಿಬಿಡುತ್ತದೆ.

ಕಳೆದ ಅಕ್ಟೋಬರಿನ ಕ್ಷೇತ್ರಕಾರ್ಯಕ್ಕೆ ಇಬ್ಬರು ಪದವಿ ವಿದ್ಯಾರ್ಥಿಗಳು ನನ್ನ ಜೊತೆ ಬರುವವರಿದ್ದರು. ಇಬ್ಬರಿಗೂ ಇಪ್ಪತ್ತು ತುಂಬಿರಲಿಲ್ಲ. ವಾಹನದ ಜವಾಬ್ದಾರಿಯ ಹಾಳೆಗೆ ಸಹಿ ನನ್ನದು. 28, 35, 65ರ ನಡುವೆ ಒಂದನ್ನು ನಾನೇ ಆರಿಸಬೇಕಿತ್ತು.

ಹೊಸಪೇಟೆಗೆ ಫೋನು ಮಾಡಿದೆ. ಅಪ್ಪ ಸಂಡೂರಿನ ಅದಿರನ್ನು ಬೇಲೆಕೇರಿ ಬಂದರಿಗೆ ಹೊತ್ತ ಲಾರಿ ಡ್ರೈವರುಗಳಲ್ಲಿ ಒಬ್ಬರು. ಗಣಿಯ ದುಡ್ಡು ಧೂಳಿನ ಹಾಗೆ ಹಾರಾಡುತ್ತಿದ್ದ ಆ ವರ್ಷಗಳಲ್ಲಿ ಅವರು ಅರಬೈಲ್ ಘಾಟಿಯನ್ನು ಎಷ್ಟು ಸಲ ಇಳಿದರೋ ಅವರಿಗೇ ಲೆಕ್ಕವಿಲ್ಲ. ನಾನು ಮೂರೂ ಸಂಖ್ಯೆ ಹೇಳಿದೆ. ಅವರು ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

“ಲೋಡ್ ಎಷ್ಟೈತಿ ಅದನ್ನ ಹೇಳು ಮೊದ್ಲು.”

“ಗೊತ್ತಿಲ್ಲಪ್ಪ, ಅರ್ಧ ಟನ್ ಇರಬಹುದು.”

“ಇರಬಹುದು ಅಂದ್ರ ಹೆಂಗವ್ವ? ಲೋಡ್ ನಿಂತಿರೋದು ಗಾಳಿ ಮ್ಯಾಲೆ. ರಬ್ಬರ್ ಮ್ಯಾಲಲ್ಲ. ತೂಕ ಮಾಡ್ಸು.”

ಅಪ್ಪನ ಲಾರಿಗೆ 110, 120 ಪೌಂಡು ಗಾಳಿ. ಓವರ್‌ಲೋಡ್ ಆದ ದಿನ ಅದಕ್ಕೂ ಮೇಲೆ. ಜೋಡಿ ಟೈರಿನ ಒಳಗಿನದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಕ್ಲೀನರ್ ಕಬ್ಬಿಣದ ರಾಡಿನಿಂದ ಬಡಿದು ಸದ್ದು ಕೇಳುತ್ತಿದ್ದ. ಟಣ್ ಅಂದರೆ ಸರಿ, ದಪ್ ಅಂದರೆ ಇಳಿದಿದೆ. ಒಂದು ಬೇಸಿಗೆಯಲ್ಲಿ ಘಾಟಿಯಲ್ಲಿ ಅವರ ಮುಂದೆ ಹೋಗುತ್ತಿದ್ದ ಲಾರಿಯ ಮುಂದಿನ ಟೈರು ಸಿಡಿಯಿತು. ನಮ್ಮ ಓಣಿಯ ಕ್ಲೀನರ್ ಹುಡುಗ ವಾಪಸ್ ಬರಲಿಲ್ಲ. ಅಪ್ಪ ಇದನ್ನು ಮನೆಯಲ್ಲಿ ಒಂದೇ ಸಲ ಹೇಳಿದ್ದಾರೆ. ಫೋನಿನಲ್ಲಿ ಅವರೂ ನೆನಪಿಸಲಿಲ್ಲ, ನಾನೂ ಕೇಳಲಿಲ್ಲ.

ಇಲ್ಲಿನ ಹೆದ್ದಾರಿಯ ಟ್ರಕ್ ಸ್ಟಾಪುಗಳಲ್ಲಿ ದೊಡ್ಡ ಲಾರಿಗಳಿಗಾಗಿ ವೇ ಬ್ರಿಡ್ಜ್ ಇರುತ್ತದೆ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಬೇರೆ ಬೇರೆ ತೂಕ ಕೊಡುತ್ತದೆ. ಖಾಲಿ ಗಾಡಿಯ ಹಿಂದಿನ ಅಚ್ಚು 1,150 ಕಿಲೋ. ಇನ್ನೂರು ಲೀಟರ್ ನೀರು, ಜನರೇಟರ್, ಡೀಸೆಲ್ ಕ್ಯಾನು, ಗುದ್ದಲಿ, ಡೇರೆ, ಎರಡನೇ ಸ್ಟೆಪ್ನಿ ಎಲ್ಲ ಸೇರಿ 1,640. ಅಂದರೆ ಹಿಂದಿನ ಒಂದೊಂದು ಟೈರಿಗೆ 820.

ಮುಂದಿನದು ಪಟ್ಟಿಯ ಕೆಲಸ. ಯಾವ ಅಳತೆಯ ಟೈರು ಎಷ್ಟು ಒತ್ತಡದಲ್ಲಿ ಎಷ್ಟು ಭಾರ ಹೊರುತ್ತದೆ ಎಂಬ ಪಟ್ಟಿಗಳನ್ನು ಅಮೆರಿಕಾದ ಟೈರ್ ಅಂಡ್ ರಿಮ್ ಅಸೋಸಿಯೇಷನ್ ಪ್ರಕಟಿಸುತ್ತದೆ, ಟೈರು ಕಂಪನಿಗಳೂ ಕೊಡುತ್ತವೆ. ಬಾಗಿಲಿನ ಚೀಟಿ ಇಲ್ಲಿ ಮತ್ತೆ ಉಪಯೋಗಕ್ಕೆ ಬಂತು. ಹಳೆಯ ಟೈರು 35ರಲ್ಲಿ ಎಷ್ಟು ಭಾರ ಹೊರುತ್ತಿತ್ತೋ ಮೊದಲು ಅದನ್ನು ಹುಡುಕಬೇಕು. ಅದು ಕಾರಿನ ಜಾತಿಯ ಟೈರಾಗಿದ್ದರೆ, ಟ್ರಕ್ಕಿಗೆ ಹಾಕಿದಾಗ ಅದರ ಶಕ್ತಿಯನ್ನು 1.1ರಿಂದ ಭಾಗಿಸಬೇಕು. ಅಷ್ಟೇ ಭಾರವನ್ನು ಹೊಸ ಟೈರು ಯಾವ ಒತ್ತಡದಲ್ಲಿ ಹೊರುತ್ತದೆ ಎಂದು ನೋಡಿದರೆ ನಮ್ಮದು 38ರ ಹತ್ತಿರ ಬಂತು. ನಮ್ಮ 820 ಕಿಲೋಗೆ ಅದಕ್ಕಿಂತ ಕಡಿಮೆ ಸಾಕಾಗುತ್ತಿತ್ತು. ಆದರೆ ಟ್ರಕ್ಕು ಮಾಡಿದವರು ಇಟ್ಟಿದ್ದ ಮೀಸಲು ಶಕ್ತಿಯನ್ನು ನಾನೇಕೆ ಕಿತ್ತುಕೊಳ್ಳಲಿ? ಹೆದ್ದಾರಿಗೆ 38 ತಳಮಿತಿ, ತುಂಬಿದಾಗ ಹಿಂದಿನ ಟೈರಿಗೆ 42 ಎಂದು ಬರೆದಿಟ್ಟೆ.

ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಇದೆಯಲ್ಲ ಎಂದು ವಿದ್ಯಾರ್ಥಿಗಳಲ್ಲೊಬ್ಬ ಕೇಳಿದ. ಆ ದೀಪಕ್ಕೆ ಒಂದು ಇತಿಹಾಸವಿದೆ. 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿಕೊಂಡಿತು. ಅವುಗಳಲ್ಲಿ ಬಹಳಷ್ಟು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳವು. ಟೈರಿನ ಪದರ ಕಳಚಿ ಗಾಡಿ ಮಗುಚಿ ಸತ್ತವರು ಇನ್ನೂರಕ್ಕೂ ಹೆಚ್ಚು. ಫೋರ್ಡ್ ಸೂಚಿಸಿದ್ದ ಒತ್ತಡ 26, ಫೈರ್‌ಸ್ಟೋನ್ ಬೇಕೆಂದದ್ದು 30. ತಪ್ಪು ಟೈರಿನದೋ ಗಾಡಿಯದೋ ಎಂದು ಎರಡೂ ಕಂಪನಿ ಕಿತ್ತಾಡಿದವು. ಅದೇ ವರ್ಷ ಬಂದ ಕಾನೂನಿನ ಫಲವೇ ಈ ದೀಪ. ಒತ್ತಡವು ಚೀಟಿಯ ಸಂಖ್ಯೆಗಿಂತ ಶೇ 25ರಷ್ಟು ಇಳಿದಾಗ ಅದು ಹೊತ್ತಿಕೊಳ್ಳಬೇಕು. ಚೀಟಿಯಲ್ಲಿ 35 ಇದ್ದರೆ ಅದು 26ರವರೆಗೂ ಸುಮ್ಮನಿರಬಹುದು. ಸೀಮೆಸುಣ್ಣದ 28ರಲ್ಲಿ, ಅರ್ಧ ಟನ್ ಹೇರಿಕೊಂಡು, ಗಂಟೆಗೆ ನೂರು ಕಿಲೋಮೀಟರ್ ಓಡಿದರೂ ದೀಪ ಹೊತ್ತದು. ಅದಕ್ಕೆ ಗೊತ್ತಿರುವುದೂ ಹಳೆಯ ಟೈರೇ.

ಇಷ್ಟಾದ ಮೇಲೂ ಸಂಖ್ಯೆ ಒಂದೇ ಕಡೆ ನಿಲ್ಲುವುದಿಲ್ಲ. ತಾಪಮಾನ ಐದಾರು ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಮರುಭೂಮಿಯಲ್ಲಿ ಮಧ್ಯಾಹ್ನಕ್ಕೂ ನಸುಕಿಗೂ ಇಪ್ಪತ್ತು ಡಿಗ್ರಿ ಅಂತರ ಮಾಮೂಲು. ಆದ್ದರಿಂದ ಅಳೆಯುವುದು ಬೆಳಿಗ್ಗೆ, ಟೈರು ತಣ್ಣಗಿರುವಾಗ. ಓಡಿ ಬಿಸಿಯಾದ ಟೈರಿನಲ್ಲಿ ಜಾಸ್ತಿ ಕಂಡಿತೆಂದು ಗಾಳಿ ಬಿಡಬಾರದು.

ಡಾಂಬರು ಮುಗಿಯುವಲ್ಲಿ, ದನ ದಾಟದಂತೆ ನೆಲಕ್ಕೆ ಕಬ್ಬಿಣದ ಸರಳು ಹಾಸಿದ ಜಾಗದಲ್ಲಿ ಗಾಡಿ ನಿಲ್ಲಿಸಿ 28ಕ್ಕೆ ಇಳಿಸಿದೆವು. ಸುಣ್ಣದ ಸಂಖ್ಯೆಗೆ ಇಲ್ಲಿ ಬೆಲೆ ಬಂತು, ವೇಗ ಮೂವತ್ತು ದಾಟದಿರುವ ಷರತ್ತಿನ ಮೇಲೆ. ತೊಳೆಯುವ ಹಲಗೆಯಂತೆ ಏರಿಳಿವಿರುವ ಆ ರಸ್ತೆಯಲ್ಲಿ ಮೆತ್ತಗಾದ ಟೈರು ಕಲ್ಲಿನ ಮೊನೆಗೆ ಬಗ್ಗಿಕೊಡುತ್ತದೆ, ಹಲ್ಲು ಕಟಕಟಿಸುವುದು ನಿಲ್ಲುತ್ತದೆ. ಕೊನೆಯ ಮರಳಿಗೆ 18. ಅಲ್ಲಿ ಟೈರಿನ ಹೆಜ್ಜೆ ಉದ್ದವಾಗಿ ಗಾಡಿ ಒಂಟೆಯಂತೆ ತೇಲಿಕೊಂಡು ಹೋಗುತ್ತದೆ. ಇದಕ್ಕೆಲ್ಲ ಬೆಲೆ ತೆರುವುದು ವಾಪಸ್ ಬರುವಾಗ. ನಾಲ್ಕು ದೊಡ್ಡ ಟೈರುಗಳನ್ನು ಪುಟ್ಟ ಕಂಪ್ರೆಸರಿನಿಂದ ತುಂಬಿಸುವಷ್ಟರಲ್ಲಿ ಒಂದು ಗಂಟೆ ಹೋಗುತ್ತದೆ.

ನಾಲ್ಕನೇ ದಿನ ಸಂಜೆ ಅಪ್ಪನಿಗೆ ಫೋಟೋ ಕಳಿಸಿದೆ. ಡ್ಯಾಶ್‌ಬೋರ್ಡಿಗೆ ಅಂಟಿಸಿದ ಟೇಪಿನ ಮೇಲೆ ಮಾರ್ಕರಿನಲ್ಲಿ: ಹೆದ್ದಾರಿ ತುಂಬಿದ್ದು 38/42, ಜಲ್ಲಿ 28, ಮರಳು 18. ಅದರ ಕೆಳಗಿನ ಸಾಲು ಖಾಲಿ.

“ವಾಪಸ್ ಬರಾಕ ಎಷ್ಟು?” ಎಂದು ಕೇಳಿದರು.

ನೀರು ಮುಗಿಯುತ್ತ ಬಂದಿತ್ತು, ಕಲ್ಲಿನ ಚೀಲಗಳು ಹೆಚ್ಚುತ್ತಿದ್ದವು. ವಿದ್ಯಾರ್ಥಿಗಳಿಬ್ಬರೂ ಹೊರಗೆ ತಲೆದೀಪ ಕಟ್ಟಿಕೊಂಡು, ಒಂದೊಂದೇ ಚೀಲವನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ಬರೆದುಕೊಳ್ಳುತ್ತಿದ್ದರು. ಇನ್ನೂ ಹನ್ನೊಂದು ಚೀಲ ಬಾಕಿ ಇತ್ತು.